ಶಾಂತಿ ಕದಡಿದವರು ಯಾರು?

ಸೊರಬ ತಾಲ್ಲೂಕಿನ ಕುಪ್ಪಗಡ್ಡೆ, ಚಂದ್ರಗುತ್ತಿ ಮೊದಲಾದ ಊರುಗಳು ಐವತ್ತು ವರ್ಷ ಕಾಲ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿದ್ದವು. 1830-31ರ ನಗರ ದಂಗೆಯ ನಂತರ ಮೈಸೂರು ರಾಜ್ಯದ ಆಡಳಿತವನ್ನು ಈಸ್ಟ್ ಇಂಡಿಯಾ ಕಂಪೆನಿ ವಹಿಸಿಕೊಂಡಿತು. ಒಡೆಯರ ವಂಶಕ್ಕೆ ಅದು ಮರಳಿದ್ದು 1881ರಲ್ಲಿ.

ಆ ಕಾಲದ ಸರ್ಕಾರಕ್ಕೆ ಧರ್ಮವೆಂದರೆ ಬೆಂಕಿಯ ಕೆಂಡ. 1829ರಲ್ಲಿ ಸತಿ ಪದ್ಧತಿಯನ್ನು ನಿಷೇಧಿಸಿದ್ದು ನಿಜ. ಆದರೆ 1857ರ ದಂಗೆಯ ಬಳಿಕ ಅದರ ಧೈರ್ಯ ಕುಗ್ಗಿತು. ಪ್ರಜೆಗಳ ಧಾರ್ಮಿಕ ನಂಬಿಕೆಗಳಲ್ಲಿ ಕೈಹಾಕುವುದಿಲ್ಲ ಎಂದು ವಿಕ್ಟೋರಿಯಾ ರಾಣಿ 1858ರ ನವೆಂಬರ್ 1ರ ಘೋಷಣೆಯಲ್ಲಿ ಮಾತು ಕೊಟ್ಟಳು. 1860ರ ದಂಡ ಸಂಹಿತೆ ಪೂಜಾ ಸ್ಥಳವನ್ನು ಹಾಳುಗೆಡವುದು, ಪೂಜೆಗೆ ಅಡ್ಡಿಪಡಿಸುವುದು ಅಪರಾಧವೆಂದಿತು. ಗಲಭೆಯ ಸೂಚನೆ ಕಂಡರೆ ತಡೆಯಾಜ್ಞೆ ಹೊರಡಿಸುವ ಅಧಿಕಾರವನ್ನು 1861ರ ದಂಡ ಪ್ರಕ್ರಿಯಾ ಸಂಹಿತೆ ಮ್ಯಾಜಿಸ್ಟ್ರೇಟರಿಗೆ ನೀಡಿತು. 1898ರ ಸಂಹಿತೆಯಲ್ಲಿ ಇದು 144ನೇ ಕಲಮಾಗಿತ್ತು. 2024ರ ಜುಲೈ 1ರಿಂದ ಆ ಅಧಿಕಾರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮಿನಲ್ಲಿದೆ.

ಹೀಗಾಗಿ ಮ್ಯಾಜಿಸ್ಟ್ರೇಟರ ಮುಂದೆ ಸಾಮಾನ್ಯವಾಗಿ ಇರುತ್ತಿದ್ದ ಪ್ರಶ್ನೆ ಒಂದೇ: ಗಲಭೆ ಆಗುತ್ತದೆಯೇ, ಇಲ್ಲವೇ? ಆಚರಣೆಯಿಂದ ಯಾರಿಗಾದರೂ ಅವಮಾನವಾಗುತ್ತಿದೆಯೇ ಎಂಬುದು ಅವರ ಲೆಕ್ಕಕ್ಕೆ ಅಷ್ಟಾಗಿ ಬರುತ್ತಿರಲಿಲ್ಲ. ಎಲ್ಲರೂ ಸುಮ್ಮನಿದ್ದರೆ ಶಾಂತಿ. ಪ್ರಶ್ನಿಸಿದವನೇ ಶಾಂತಿ ಕದಡಿದವನು.

ಈ ಲೆಕ್ಕ ಎಷ್ಟು ಅಪೂರ್ಣವೆಂಬುದನ್ನು ಸ್ವತಂತ್ರ ಭಾರತದಲ್ಲಿ ಇದೇ ತಾಲ್ಲೂಕು ಕಂಡಿತು. ಚಂದ್ರಗುತ್ತಿಯ ರೇಣುಕಾಂಬೆಯ ಜಾತ್ರೆಯಲ್ಲಿ ಹರಕೆ ಹೊತ್ತವರು ವರದಾ ನದಿಯಲ್ಲಿ ಮಿಂದು, ಬೆತ್ತಲೆಯಾಗಿ ಬೆಟ್ಟದ ಗುಡಿಗೆ ಹೋಗುವ ರೂಢಿಯಿತ್ತು. ಇವರಲ್ಲಿ ಬಹುಪಾಲು ಮಂದಿ ಬಡ ಕುಟುಂಬಗಳ, ದಲಿತ ಹಾಗೂ ಹಿಂದುಳಿದ ಸಮುದಾಯಗಳ ಹೆಣ್ಣುಮಕ್ಕಳು. ನೋಡಲೆಂದೇ ಬರುವವರಿಗೂ ಕಡಿಮೆಯಿರಲಿಲ್ಲ. 1986ರ ಮಾರ್ಚ್‌ನಲ್ಲಿ ದಲಿತ ಸಂಘರ್ಷ ಸಮಿತಿ ಮತ್ತಿತರ ಸಂಘಟನೆಗಳ ಕಾರ್ಯಕರ್ತರು ಹರಕೆಯವರ ಮನವೊಲಿಸಲು ಹೋದಾಗ ಜನರ ಗುಂಪು ಅವರ ಮೇಲೆ ಬಿದ್ದಿತು. ಕಾರ್ಯಕರ್ತರನ್ನು ಹೊಡೆದು, ಬಟ್ಟೆ ಕಿತ್ತು ಅವಮಾನಿಸಲಾಯಿತು. ಮಹಿಳಾ ಪೊಲೀಸರನ್ನೂ ಬಿಡಲಿಲ್ಲ. ಆ ಬಳಿಕ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು.

ಅಂದು ಶಾಂತಿ ಕದಡಿದವರು ಯಾರು? ಹಳೆಯ ಲೆಕ್ಕದಂತೆ, ನಡೆದುಕೊಂಡು ಬಂದದ್ದನ್ನು ಪ್ರಶ್ನಿಸಿದವರು. ಸಂವಿಧಾನದ ಉತ್ತರ ಬೇರೆ. ಅದರ 25ನೇ ವಿಧಿ ಪ್ರತಿಯೊಬ್ಬರಿಗೂ ತಮ್ಮ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಡುತ್ತದೆ. ಆದರೆ ಆ ಹಕ್ಕು ಸಾರ್ವಜನಿಕ ಸುವ್ಯವಸ್ಥೆಗೆ ಮಾತ್ರವಲ್ಲ, ನೈತಿಕತೆ, ಆರೋಗ್ಯ ಮತ್ತು ಇತರ ಮೂಲಭೂತ ಹಕ್ಕುಗಳಿಗೂ ಒಳಪಟ್ಟಿದೆ. ಸಮಾಜ ಸುಧಾರಣೆಗಾಗಿ ಕಾನೂನು ಮಾಡಲೂ ಅದೇ ವಿಧಿ ಸರ್ಕಾರಕ್ಕೆ ಅವಕಾಶ ಕೊಟ್ಟಿದೆ.

ಹಾಗೆಂದು ನಿಷೇಧವೊಂದೇ ಮದ್ದಲ್ಲ. ಹರಕೆ ಹೊತ್ತ ತಾಯಿಗೆ ಮಗುವಿನ ಕಾಯಿಲೆಯ ಭಯವಿರುತ್ತದೆ. ಆ ಭಯವನ್ನು ಪೊಲೀಸರ ಲಾಠಿ ಓಡಿಸಲಾರದು. ಊರಿನ ಶಾಲೆ, ಆಸ್ಪತ್ರೆ ಓಡಿಸಬಲ್ಲವು. ಮಕ್ಕಳು ಮನೆಯಲ್ಲಿ ‘ಇದು ಯಾಕೆ ಹೀಗೆ?’ ಎಂದು ಕೇಳಿದಾಗ ಹಿರಿಯರು ಗದರದೆ ಉತ್ತರ ಕೊಡುವುದೂ ಅದೇ ಕೆಲಸದ ಒಂದು ಭಾಗ. ಬಾಯಿ ಮುಚ್ಚಿಸಿ ಪಡೆದ ಶಾಂತಿ ಜಾತ್ರೆಯ ದಿನ ಒಡೆಯುತ್ತದೆ ಎಂಬುದನ್ನು ಚಂದ್ರಗುತ್ತಿ ತೋರಿಸಿಕೊಟ್ಟಿದೆ.