ಭೌತಶಾಸ್ತ್ರದ ಹಾದಿ ಮೊದಲ ಸೆಮಿಸ್ಟರಿನಲ್ಲೇ ತಿಳಿದಿರಬೇಕು

ನಮ್ಮ ಜಿಲ್ಲೆ, ತಾಲ್ಲೂಕುಗಳ ಪದವಿ ಕಾಲೇಜುಗಳಲ್ಲಿ ಭೌತಶಾಸ್ತ್ರ ಓದುವ ವಿದ್ಯಾರ್ಥಿಗೆ ‘ಮುಂದೇನು’ ಎಂಬ ಪ್ರಶ್ನೆ ಗಂಭೀರವಾಗಿ ಎದುರಾಗುವುದು ಸಾಮಾನ್ಯವಾಗಿ ಆರನೇ ಸೆಮಿಸ್ಟರಿನಲ್ಲಿ. ಆ ಹೊತ್ತಿಗೆ ಉತ್ತರದ ಬಹುಪಾಲು ಅವನ ಕೈಮೀರಿರುತ್ತದೆ. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸರದಿಯಂತೆ ನಡೆಸುವ ‘ಜಾಮ್’ ಪ್ರವೇಶ ಪರೀಕ್ಷೆಯನ್ನೇ ನೋಡಿ. ಅರ್ಜಿ ಹಾಕುವುದು ಸೆಪ್ಟೆಂಬರಿನ ಆಸುಪಾಸಿನಲ್ಲಿ, ಪರೀಕ್ಷೆ ನಡೆಯುವುದು ಫೆಬ್ರುವರಿಯಲ್ಲಿ. ಎಂದರೆ ಪದವಿ ಮುಗಿಸಿದ ಕೂಡಲೇ ಎಂ.ಎಸ್ಸಿ. ಸೇರಬೇಕೆನ್ನುವವರು ಐದನೇ ಸೆಮಿಸ್ಟರಿನಲ್ಲೇ ಅರ್ಜಿ ಹಾಕಿ, ಕೊನೆಯ ಸೆಮಿಸ್ಟರಿನ ಪಾಠಗಳು ಮುಗಿಯುವ ಮೊದಲೇ ಪರೀಕ್ಷೆ ಬರೆಯಬೇಕು. ಪರಮಾಣು, ನ್ಯೂಕ್ಲಿಯಸ್, ಕ್ವಾಂಟಂ, ಘನವಸ್ತುಗಳ ಪಾಠ ಅನೇಕ ಕಡೆ ನಡೆಯುವುದು ಕೊನೆಯ ವರ್ಷದಲ್ಲಿ. ಜಾಮ್ ಪಠ್ಯಕ್ರಮದಲ್ಲಿ ಇವೆಲ್ಲ ಇವೆ. ಈ ಒಂದು ಸಂಗತಿ ಮೊದಲ ವರ್ಷದಲ್ಲೇ ಗೊತ್ತಿದ್ದ ಹುಡುಗಿ ತನ್ನ ಓದನ್ನು ಒಂದು ರೀತಿ ಹೊಂದಿಸಿಕೊಳ್ಳುತ್ತಾಳೆ, ಗೊತ್ತಿಲ್ಲದವಳು ಇನ್ನೊಂದು ರೀತಿ. ಇಬ್ಬರ ಬುದ್ಧಿಶಕ್ತಿ ಸಮನಾಗಿದ್ದರೂ ಫಲಿತಾಂಶ ಸಮನಾಗಿರುವುದಿಲ್ಲ. ಭೌತಶಾಸ್ತ್ರದ ಉನ್ನತ ಅಧ್ಯಯನದಲ್ಲಿ ನಮ್ಮ ಸಾಮಾನ್ಯ ಕಾಲೇಜುಗಳ ಮಕ್ಕಳು ಹಿಂದೆ ಬೀಳಲು ಪ್ರತಿಭೆಯ ಕೊರತೆಗಿಂತ ದೊಡ್ಡ ಕಾರಣ, ಹಾದಿಯ ತಿರುವುಗಳು ಎಲ್ಲೆಲ್ಲಿವೆ ಎಂದು ಸಕಾಲದಲ್ಲಿ ಯಾರೂ ಹೇಳದಿರುವುದು. ಅದನ್ನು ಮೊದಲ ಸೆಮಿಸ್ಟರಿನಲ್ಲೇ ಹೇಳುವುದು ಕಾಲೇಜಿನ ಕರ್ತವ್ಯವಾಗಬೇಕು.

ತಿರುವುಗಳಲ್ಲಿ ಮೊದಲನೆಯದು ಓದುವ ಅಭ್ಯಾಸಕ್ಕೆ ಸಂಬಂಧಿಸಿದ್ದು. ವಿಶ್ವವಿದ್ಯಾಲಯದ ಪದವಿ ಪರೀಕ್ಷೆ ಮುಖ್ಯವಾಗಿ ಕೇಳುವುದು ಡೆರಿವೇಶನ್‌ಗಳನ್ನು. ಪುಸ್ತಕದಲ್ಲಿರುವ ಸೂತ್ರವನ್ನು ಹಂತಹಂತವಾಗಿ ಬರೆದರೆ ಅಂಕ ಸಿಗುತ್ತದೆ. ಆಯ್ಕೆಯ ಅವಕಾಶವಿರುವುದರಿಂದ ಕೆಲವು ಅಧ್ಯಾಯಗಳನ್ನು ಬಿಟ್ಟೇ ಓದಿದರೂ ಪ್ರಥಮ ದರ್ಜೆ ದಕ್ಕುತ್ತದೆ. ಜಾಮ್ ಕೇಳುವುದು ಬೇರೆಯದನ್ನೇ. ಮೂರು ಗಂಟೆಯಲ್ಲಿ 60 ಪ್ರಶ್ನೆ, 100 ಅಂಕ. ಕೆಲವಕ್ಕೆ ಒಂದೇ ಸರಿಯುತ್ತರ, ತಪ್ಪಾದರೆ ಅಂಕ ಕಡಿತ. ಇನ್ನು ಕೆಲವಕ್ಕೆ ಒಂದಕ್ಕಿಂತ ಹೆಚ್ಚು ಸರಿಯುತ್ತರಗಳಿರಬಹುದು, ಎಲ್ಲವನ್ನೂ ಗುರುತಿಸಿದರೆ ಮಾತ್ರ ಅಂಕ. ಉಳಿದವಕ್ಕೆ ಆಯ್ಕೆಗಳೇ ಇಲ್ಲ, ಲೆಕ್ಕ ಬಿಡಿಸಿ ಬಂದ ಸಂಖ್ಯೆಯನ್ನೇ ನಮೂದಿಸಬೇಕು. ಹಿಂದೆಂದೂ ಕಾಣದ ಸನ್ನಿವೇಶವೊಂದನ್ನು ಮುಂದಿಟ್ಟು, ಇದಕ್ಕೆ ಯಾವ ನಿಯಮ ಅನ್ವಯಿಸುತ್ತದೆ ಹೇಳು ಎನ್ನುವ ಪರೀಕ್ಷೆ ಇದು. ಮೂರು ವರ್ಷ ಡೆರಿವೇಶನ್ ಬಾಯಿಪಾಠ ಮಾಡಿದ ವಿದ್ಯಾರ್ಥಿ ಮೂರು ತಿಂಗಳಲ್ಲಿ ಈ ಕೌಶಲ ಸಂಪಾದಿಸಲಾರ. ದಿನವೂ ನಾಲ್ಕು ಲೆಕ್ಕ ಬಿಡಿಸುತ್ತ, ಎಲ್ಲಿ ತಪ್ಪಿದೆ ಎಂದು ಹುಡುಕುತ್ತ ಬೆಳೆದವನಿಗೆ ಇದು ಹೊರೆಯಾಗುವುದೂ ಇಲ್ಲ. ಎಂ.ಎಸ್ಸಿ. ಮತ್ತು ಪಿಎಚ್.ಡಿ.ಯಲ್ಲಿ ಬೇಕಾಗುವುದು ಇದೇ ಕೌಶಲ. ಆದ್ದರಿಂದ ಪ್ರವೇಶ ಪರೀಕ್ಷೆಯನ್ನು ಬೈದು ಪ್ರಯೋಜನವಿಲ್ಲ. ನಮ್ಮ ತರಗತಿ ಯಾವ ಅಭ್ಯಾಸವನ್ನು ಬೆಳೆಸುತ್ತಿದೆ ಎಂದು ಕೇಳಿಕೊಳ್ಳಬೇಕು.

ಎರಡನೆಯ ತಿರುವು ಗಣಿತ. ನಮ್ಮ ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಒಂಟಿಯಾಗಿ ಬರುವುದು ಅಪರೂಪ. ರಸಾಯನಶಾಸ್ತ್ರ, ಗಣಿತ, ಎಲೆಕ್ಟ್ರಾನಿಕ್ಸ್ ಅಥವಾ ಕಂಪ್ಯೂಟರ್ ವಿಜ್ಞಾನ ಜೊತೆಗಿರುತ್ತವೆ. ಸೇರುವಾಗ ವಿಷಯಗಳ ಸಂಯೋಜನೆಯನ್ನು ಎಷ್ಟೋ ಮಂದಿ ಗೆಳೆಯರನ್ನು ನೋಡಿಯೋ ಸುಲಭವೆಂಬ ಕಾರಣಕ್ಕೋ ಆರಿಸಿಕೊಳ್ಳುತ್ತಾರೆ. ಸಂಶೋಧನೆಯ ಆಸೆಯಿರುವವರು ಗಣಿತವನ್ನು ಬಿಡುವ ಹಾಗೇ ಇಲ್ಲ. ಕ್ವಾಂಟಂ ಮೆಕ್ಯಾನಿಕ್ಸ್‌ನಲ್ಲಿ ಅಳೆಯುವ ಪ್ರತಿ ಪರಿಮಾಣವೂ ಒಂದು ಆಪರೇಟರ್. ಅಳೆದಾಗ ಸಿಗಬಹುದಾದ ಬೆಲೆಗಳು ಅದರ ಐಗೆನ್ ಬೆಲೆಗಳು. ರೇಖೀಯ ಬೀಜಗಣಿತ ಬಾರದವರಿಗೆ ಆ ಪಾಠ ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತದೆ. ವಿದ್ಯುತ್ಕಾಂತತೆಗೆ ಸದಿಶ ಕಲನಶಾಸ್ತ್ರ, ಅಲೆಗಳಿಗೆ ಅವಕಲ ಸಮೀಕರಣ, ಉಷ್ಣಶಾಸ್ತ್ರದ ಸಾಂಖ್ಯಿಕ ಬುಡಕ್ಕೆ ಸಂಭಾವ್ಯತೆ ಹೀಗೆಯೇ ಬೇಕು. ಇಲ್ಲಿ ಇನ್ನೊಂದು ತೊಡಕಿದೆ. ಗಣಿತ ವಿಭಾಗ ತನ್ನದೇ ಕ್ರಮದಲ್ಲಿ ಪಾಠ ಮಾಡುತ್ತದೆ, ಭೌತಶಾಸ್ತ್ರಕ್ಕೆ ಬೇಕಾದಾಗ ಬೇಕಾದ ಗಣಿತ ಅಲ್ಲಿ ಬಂದಿರುವುದಿಲ್ಲ. ಈ ಅಂತರವನ್ನು ವಿದ್ಯಾರ್ಥಿಯೇ ತುಂಬಿಕೊಳ್ಳಬೇಕು. ಹಾಗೆ ತುಂಬಿಕೊಳ್ಳಬೇಕೆಂದು ಅವನಿಗೆ ಯಾರಾದರೂ ಮೊದಲೇ ಹೇಳಬೇಕು.

ಮೂರನೆಯದು ಸಂಶೋಧನೆಯ ರುಚಿ ಮತ್ತು ಅದರ ಜೊತೆ ಬರುವ ಶಿಫಾರಸು ಪತ್ರ. ವಿದೇಶದ ವಿಶ್ವವಿದ್ಯಾಲಯವಿರಲಿ, ಇಲ್ಲಿನ ಬೇಸಿಗೆ ಕಾರ್ಯಕ್ರಮವಿರಲಿ, ಅರ್ಜಿ ಕೇಳುವ ಮುಖ್ಯ ಸಂಗತಿಗಳಲ್ಲೊಂದು ಈ ವಿದ್ಯಾರ್ಥಿಯನ್ನು ಹತ್ತಿರದಿಂದ ಬಲ್ಲ ಅಧ್ಯಾಪಕರು ಏನೆನ್ನುತ್ತಾರೆ ಎಂಬುದು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಷಿಪ್, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬೇಸಿಗೆ ಕಾರ್ಯಕ್ರಮ, ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಪದವಿ ಹಂತದ ಶಿಬಿರಗಳು, ಭೌತಶಾಸ್ತ್ರ ಅಧ್ಯಾಪಕರ ಸಂಘ ಪದವಿ ವಿದ್ಯಾರ್ಥಿಗಳಿಗಾಗಿ ನಡೆಸುವ ರಾಷ್ಟ್ರಮಟ್ಟದ ಪರೀಕ್ಷೆ, ಇವು ಯಾವುವೂ ರಹಸ್ಯವಲ್ಲ. ಆದರೆ ಬೇಸಿಗೆಯ ಕೆಲಸಕ್ಕೆ ಚಳಿಗಾಲದಲ್ಲೇ ಅರ್ಜಿ ಹಾಕಬೇಕೆಂದು ತಿಳಿಯದವರಿಗೆ ಅವು ಇದ್ದೂ ಇಲ್ಲದಂತೆ. ಬೆಂಗಳೂರಿನಲ್ಲೇ ಭಾರತೀಯ ವಿಜ್ಞಾನ ಸಂಸ್ಥೆ, ರಾಮನ್ ಸಂಶೋಧನಾ ಸಂಸ್ಥೆ, ಭಾರತೀಯ ಖಗೋಳ ಭೌತಶಾಸ್ತ್ರ ಸಂಸ್ಥೆ, ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ಹೆಸರಘಟ್ಟದ ಬಳಿಯ ಸೈದ್ಧಾಂತಿಕ ವಿಜ್ಞಾನ ಕೇಂದ್ರ ಇವೆ. ಭೌತಶಾಸ್ತ್ರದ ಇಷ್ಟೊಂದು ಸಂಸ್ಥೆಗಳು ಒಂದೇ ಊರಿನಲ್ಲಿರುವ ಭಾಗ್ಯ ದೇಶದಲ್ಲಿ ಕಡಿಮೆ ರಾಜ್ಯಗಳಿಗಿದೆ. ಸಿ.ವಿ. ರಾಮನ್ ಅವರ ಮೊದಲ ಸಂಶೋಧನಾ ಲೇಖನ ಲಂಡನ್ನಿನ ಫಿಲಾಸಫಿಕಲ್ ಮ್ಯಾಗಜೀನ್‌ನಲ್ಲಿ ಪ್ರಕಟವಾದದ್ದು 1906ರಲ್ಲಿ. ಆಗ ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ವಿದ್ಯಾರ್ಥಿ, ವಯಸ್ಸು 18. ಎಲ್ಲರೂ ರಾಮನ್ ಆಗಬೇಕೆಂದಿಲ್ಲ. ಆದರೆ ಕಾಲೇಜಿನ ಸಾಧಾರಣ ಉಪಕರಣಗಳಲ್ಲಿ ಕಂಡದ್ದನ್ನು ಪ್ರಶ್ನೆಯಾಗಿ ಮಾರ್ಪಡಿಸಲು ಎಂ.ಎಸ್ಸಿ. ಮುಗಿಯುವವರೆಗೆ ಕಾಯಬೇಕಿಲ್ಲ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಣದ ವಿಷಯದಲ್ಲೂ ಮಾಹಿತಿಯ ಕೊರತೆಯೇ ಬೇಲಿ. ಪಿಯುಸಿಯಲ್ಲಿ ತಮ್ಮ ಮಂಡಳಿಯ ಮೇಲಿನ ಶೇಕಡಾ ಒಂದರಲ್ಲಿ ಬಂದು ಮೂಲವಿಜ್ಞಾನ ಆರಿಸಿಕೊಂಡವರಿಗಾಗಿ ಕೇಂದ್ರ ಸರ್ಕಾರ ರೂಪಿಸಿದ ಇನ್‌ಸ್ಪೈರ್ ವಿದ್ಯಾರ್ಥಿವೇತನ ವರ್ಷಕ್ಕೆ 80,000 ರೂಪಾಯಿಯದ್ದು. ಬಿ.ಎಸ್ಸಿ. ನಂತರ ಎಂ.ಎಸ್ಸಿ. ಮತ್ತು ಪಿಎಚ್.ಡಿ.ಯನ್ನು ಒಟ್ಟಿಗೆ ನೀಡುವ ಸಂಯೋಜಿತ ಕಾರ್ಯಕ್ರಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲೂ ಇದೆ. ಅಲ್ಲಿ ಆಯ್ಕೆಯಾದವರಿಗೆ ಶಿಷ್ಯವೇತನ ಸಿಗುತ್ತದೆ. ರಾಷ್ಟ್ರಮಟ್ಟದ ನೆಟ್ ಪರೀಕ್ಷೆಯಲ್ಲಿ ಕಿರಿಯ ಸಂಶೋಧನಾ ಫೆಲೋಷಿಪ್, ಅಂದರೆ ಜೆಆರ್‌ಎಫ್ ಪಡೆದ ಸಂಶೋಧನಾರ್ಥಿಗೆ 2023ರ ಪರಿಷ್ಕರಣೆಯಂತೆ ತಿಂಗಳಿಗೆ 37,000 ರೂಪಾಯಿ. ‘ಇನ್ನೂ ಐದಾರು ವರ್ಷ ಓದಿಸಲು ನಮ್ಮಿಂದಾಗದು’ ಎನ್ನುವ ಅಪ್ಪ ಅಮ್ಮಂದಿರಿಗೆ ಆ ವರ್ಷಗಳಲ್ಲಿ ಮಗಳ ಖರ್ಚನ್ನು ಅವಳೇ ನೋಡಿಕೊಳ್ಳಬಲ್ಲಳು ಎಂದು ಗೊತ್ತಾದರೆ ಮನೆಯ ಮಾತುಕತೆಯ ದಿಕ್ಕೇ ಬದಲಾಗುತ್ತದೆ. ಪಿಯುಸಿ ಓದುವಾಗಲೇ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಾದ ಐಸರ್‌ಗಳ ಪ್ರವೇಶ ಪರೀಕ್ಷೆಯ ಬಗ್ಗೆ, ಭುವನೇಶ್ವರದ ನೈಸರ್‌ಗೆ ದಾರಿಯಾದ ನೆಸ್ಟ್ ಬಗ್ಗೆ, 2011ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಶುರುಮಾಡಿದ ನಾಲ್ಕು ವರ್ಷದ ಪದವಿಯ ಬಗ್ಗೆ ಕೇಳಿದವರು ಹೆಚ್ಚಾಗಿ ನಗರದವರು, ಓದಿದ ಮನೆಯವರು. ಬಡತನ ಮತ್ತು ದೂರ ತಂದೊಡ್ಡುವ ಅಸಮಾನತೆಯ ಮೇಲೆ ಮಾಹಿತಿಯ ಅಸಮಾನತೆಯನ್ನೂ ಹೇರುವುದು ಅನ್ಯಾಯ. ಮೂರರಲ್ಲಿ ತೀರಾ ಕಡಿಮೆ ಖರ್ಚಿನಲ್ಲಿ ಸರಿಪಡಿಸಬಹುದಾದದ್ದು ಇದೊಂದೇ.

ಕರ್ನಾಟಕದ ಮಟ್ಟಿಗೆ ಈ ಮಾತಿನ ತುರ್ತು ಈಚೆಗೆ ಹೆಚ್ಚಿದೆ. ರಾಷ್ಟ್ರೀಯ ಶಿಕ್ಷಣ ನೀತಿಯಂತೆ 2021ರಲ್ಲಿ ಬಂದ ನಾಲ್ಕು ವರ್ಷದ ಪದವಿ ವ್ಯವಸ್ಥೆಯಿಂದ ರಾಜ್ಯ 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಆ ನಿರ್ಧಾರದ ಸರಿತಪ್ಪಿನ ಚರ್ಚೆ ಬೇರೆ. ವಿದ್ಯಾರ್ಥಿಗೆ ಅದರ ಪರಿಣಾಮವಂತೂ ಸ್ಪಷ್ಟ. ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಅಂಕ ಪಡೆದವರು ನೇರವಾಗಿ ಪಿಎಚ್.ಡಿ.ಗೆ ಅರ್ಹರು ಎನ್ನುತ್ತದೆ ಯುಜಿಸಿಯ 2022ರ ನಿಯಮ. ಅಮೆರಿಕದ ಬಹುತೇಕ ವಿಶ್ವವಿದ್ಯಾಲಯಗಳೂ ಪಿಎಚ್.ಡಿ. ಪ್ರವೇಶಕ್ಕೆ ನಾಲ್ಕು ವರ್ಷದ ಪದವಿಗೆ ಸಮನಾದ ಓದನ್ನು ನಿರೀಕ್ಷಿಸುತ್ತವೆ. ಮೂರು ವರ್ಷದ ಪದವೀಧರರಿಗೆ ಎಂ.ಎಸ್ಸಿ.ಯೇ ಹೆಬ್ಬಾಗಿಲು. ಅದು ಕೊರತೆಯೇನಲ್ಲ. ಆದರೆ ಬೇರೆಡೆ ನಾಲ್ಕನೆಯ ವರ್ಷದಲ್ಲಿ ಸಿಗುವ ಪ್ರಾಜೆಕ್ಟ್ ಮತ್ತು ಸಂಶೋಧನೆಯ ಪರಿಚಯವನ್ನು ನಮ್ಮ ಮಕ್ಕಳು ಈ ಮೂರು ವರ್ಷಗಳ ಒಳಗೇ ಪಡೆಯಬೇಕಾಗಿದೆ. ಸಮಯ ಕಡಿಮೆಯಿರುವವರಿಗೆ ಯೋಜನೆ ಇನ್ನೂ ಬೇಗ ಬೇಕು.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ತೂಕವಿರುವುದು, ಹದಿನೆಂಟರ ವಯಸ್ಸಿನಲ್ಲಿ ಬದುಕನ್ನು ಇಷ್ಟು ಬಿಗಿಯಾಗಿ ಯೋಜಿಸುವುದು ತಪ್ಪು ಎಂಬ ಮಾತು. ಕುತೂಹಲ ಅಲೆಯಬೇಕು, ಮನಸ್ಸು ಬದಲಾಗಬೇಕು, ನಿಜ. ಆದರೆ ಇಲ್ಲಿ ಕೇಳುತ್ತಿರುವುದು ನಿರ್ಧಾರವನ್ನಲ್ಲ, ತಿಳಿವಳಿಕೆಯನ್ನು. ಗಣಿತವನ್ನು ಗಟ್ಟಿ ಮಾಡಿಕೊಂಡವಳು ನಾಳೆ ದತ್ತಾಂಶ ವಿಜ್ಞಾನಕ್ಕೋ ಅರ್ಥಶಾಸ್ತ್ರಕ್ಕೋ ಹೊರಳಬಹುದು. ಗಣಿತ ಬಿಟ್ಟವಳಿಗೆ ಭೌತಶಾಸ್ತ್ರಕ್ಕೆ ಮರಳುವುದು ಕಷ್ಟ. ತಡವಾದರೆ ಎಲ್ಲ ಮುಗಿಯಿತು ಎಂಬ ಅರ್ಥವೂ ಇದಕ್ಕಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ, ನ್ಯಾಷನಲ್ ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಮಾಡಿ, ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಿಂದ ನ್ಯೂಕ್ಲಿಯರ್ ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದದ್ದು 1960ರಲ್ಲಿ. ಬೇಗ ತಿಳಿಯುವುದೆಂದರೆ ಅವಸರವಲ್ಲ. ಯಾವ ಬಾಗಿಲು ಯಾವಾಗ ತೆರೆಯುತ್ತದೆಂದು ಗೊತ್ತಿದ್ದವರು ನಿಧಾನವಾಗಿ ನಡೆದರೂ ತಲುಪುತ್ತಾರೆ.

ಎರಡನೆಯ ಆಕ್ಷೇಪ: ಎಂಜಿನಿಯರಿಂಗ್ ಓದಿ ಕೈಯಲ್ಲೊಂದು ಭರವಸೆ ಇಟ್ಟುಕೊಂಡು ಆಮೇಲೆ ಭೌತಶಾಸ್ತ್ರಕ್ಕೆ ಬರಬಹುದಲ್ಲ? ಖಂಡಿತ ಬರಬಹುದು. ಭೌತವಿಜ್ಞಾನಿ ಪಾಲ್ ಡಿರಾಕ್ ಬ್ರಿಸ್ಟಲ್‌ನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿಯೇ ಕೇಂಬ್ರಿಜ್‌ಗೆ ಹೋದವರು. ಎಂಜಿನಿಯರಿಂಗ್ ಪದವೀಧರರಿಗೆ ಇಲ್ಲಿನ ಸಂಶೋಧನಾ ಸಂಸ್ಥೆಗಳೂ ಬಾಗಿಲು ಮುಚ್ಚಿಲ್ಲ. ಆದರೆ ಡಿರಾಕ್ ನಡುವೆ ಗಣಿತದಲ್ಲೂ ಪದವಿ ಪಡೆದಿದ್ದರು ಎಂಬುದನ್ನು ಮರೆಯಬಾರದು. ಕ್ವಾಂಟಂ, ಸಾಂಖ್ಯಿಕ ಭೌತಶಾಸ್ತ್ರಗಳನ್ನು ಎಂಜಿನಿಯರಿಂಗ್ ಜೊತೆಗೆ ಸ್ವಂತವಾಗಿ ಕಲಿಯುವ ಹಟ ಮತ್ತು ಆ ಕಾಲೇಜುಗಳ ಶುಲ್ಕ ಕಟ್ಟುವ ಶಕ್ತಿ ಎರಡೂ ಇರುವವರಿಗೆ ಆ ದಾರಿ ಸರಿ. ಎಲ್ಲರಿಗೂ ಅದನ್ನೇ ತೋರಿಸುವುದು ಬಿ.ಎಸ್ಸಿ.ಯನ್ನು ಉಳಿದವರ ಪದವಿಯಾಗಿಸುತ್ತದೆ.

ಉದ್ಯೋಗದ ಪ್ರಶ್ನೆಯನ್ನು ತೇಲಿಸಿಬಿಡುವಂತಿಲ್ಲ. ಪಿಎಚ್.ಡಿ. ಮುಗಿಸಿದವರೆಲ್ಲರಿಗೂ ಪ್ರಾಧ್ಯಾಪಕ ಹುದ್ದೆ ಸಿಗುವುದಿಲ್ಲ. ಹಾಗೆಂದು ನಂಬಿಸುವುದು ಮೋಸ. ಇದನ್ನೂ ಮೊದಲ ವರ್ಷದಲ್ಲೇ ಹೇಳಬೇಕು. ಹೇಳಿದರೆ ವಿದ್ಯಾರ್ಥಿ ಸಿದ್ಧಾಂತದ ಜೊತೆಗೆ ಪ್ರೋಗ್ರಾಮಿಂಗ್, ಉಪಕರಣಗಳ ಕೆಲಸ, ದತ್ತಾಂಶ ವಿಶ್ಲೇಷಣೆ ಕಲಿಯುತ್ತಾನೆ. ಅವು ಸಂಶೋಧನೆಗೂ ಬೇಕು, ಬೇರೆ ಕೆಲಸಕ್ಕೂ ಆಗುತ್ತವೆ. ಹಾದಿ ಕಠಿಣ ಎಂದು ತಿಳಿದೂ ಆರಿಸಿಕೊಂಡವನು, ಸುಲಭವೆಂದು ನಂಬಿ ಬಂದವನಿಗಿಂತ ಗಟ್ಟಿಯಾಗಿ ನಿಲ್ಲುತ್ತಾನೆ.

ಇನ್ನು ‘ಕೋಚಿಂಗ್ ಇದೆಯಲ್ಲ’ ಎನ್ನುವವರಿಗೆ ಒಂದೇ ಮಾತು. ಕೋಚಿಂಗ್ ಕೇಂದ್ರ ಪರೀಕ್ಷೆಗೆ ತಯಾರು ಮಾಡಬಹುದು, ಪ್ರಯೋಗಾಲಯದಲ್ಲಿ ಕೈ ಪಳಗಿಸಲಾರದು, ಬಲ್ಲವರ ಶಿಫಾರಸು ಪತ್ರ ಬರೆದುಕೊಡಲಾರದು. ಅದರ ಶುಲ್ಕ ತೆರಲಾಗದವರ ಬಗ್ಗೆಯೇ ಈ ಲೇಖನದ ಕಾಳಜಿ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷ್ ಪರೀಕ್ಷೆ ಅಡ್ಡಿಯಾಗುತ್ತದೆ ಎಂಬ ಆತಂಕವೂ ನಿಜ. ಅದಕ್ಕೆ ಪರಿಹಾರ ಭಾಷೆಯಿಂದ ಓಡಿಹೋಗುವುದರಲ್ಲಿಲ್ಲ. ಲೆಕ್ಕವನ್ನು ಕನ್ನಡದಲ್ಲಿ ಚರ್ಚಿಸಿ, ಇಂಗ್ಲಿಷಿನಲ್ಲಿ ಬರೆಯುವ ತರಗತಿ ಬೇಕು. ಮನಸ್ಸಿನಲ್ಲಿ ಸ್ಪಷ್ಟವಾದ ಭೌತಶಾಸ್ತ್ರ ಇಂಗ್ಲಿಷಿನ ಪ್ರಶ್ನೆಯನ್ನು ಬಿಡಿಸಿಕೊಳ್ಳುತ್ತದೆ; ಅರ್ಥವಾಗದೆ ಉರುಹೊಡೆದ ಇಂಗ್ಲಿಷ್ ವಾಕ್ಯ ಭೌತಶಾಸ್ತ್ರವನ್ನು ಕಲಿಸುವುದಿಲ್ಲ.

ಕೊನೆಯದಾಗಿ, ಇದನ್ನೆಲ್ಲ ಮಾಡುವವರಾರು ಎಂಬ ಪ್ರಶ್ನೆ. ಸರ್ಕಾರಿ ಪದವಿ ಕಾಲೇಜುಗಳು ಅತಿಥಿ ಉಪನ್ಯಾಸಕರ ಮೇಲೆ ನಿಂತಿವೆ. ಮುಂದಿನ ವರ್ಷ ತಾವೇ ಇರುತ್ತೇವೋ ಇಲ್ಲವೋ ಎಂದು ತಿಳಿಯದವರು ಮೂರು ವರ್ಷ ಒಬ್ಬ ವಿದ್ಯಾರ್ಥಿಯ ಬೆನ್ನಿಗೆ ನಿಲ್ಲುವುದು ಹೇಗೆ? ಈ ಆಕ್ಷೇಪಕ್ಕೆ ಪೂರ್ಣ ಉತ್ತರ ಖಾಯಂ ನೇಮಕಾತಿ ಮಾತ್ರ. ಸರ್ಕಾರ ಅದರಿಂದ ನುಣುಚಿಕೊಳ್ಳಬಾರದು. ಆದರೆ ನೇಮಕಾತಿಗೆ ಕಾಯದೆ ಆಗುವ ಕೆಲಸಗಳೂ ಇವೆ. ಪ್ರವೇಶ ಪರೀಕ್ಷೆ, ಫೆಲೋಷಿಪ್, ವಿದ್ಯಾರ್ಥಿವೇತನಗಳ ವಾರ್ಷಿಕ ಪಟ್ಟಿಯನ್ನು ಕಾಲೇಜು ಶಿಕ್ಷಣ ಇಲಾಖೆ ಕನ್ನಡದಲ್ಲಿ ಸಿದ್ಧಪಡಿಸಿ ಮೊದಲ ಸೆಮಿಸ್ಟರಿನ ಪ್ರತಿ ವಿಜ್ಞಾನ ವಿದ್ಯಾರ್ಥಿಗೆ ಕೊಡಬಹುದು. ವೇಳಾಪಟ್ಟಿಯಲ್ಲಿ ವಾರಕ್ಕೆ ಒಂದು ಗಂಟೆ ಲೆಕ್ಕ ಬಿಡಿಸುವುದಕ್ಕೇ ಮೀಸಲಿಡಬಹುದು. ಆಂತರಿಕ ಮೌಲ್ಯಮಾಪನದಲ್ಲಿ ಪುಸ್ತಕದಲ್ಲಿಲ್ಲದ ಲೆಕ್ಕಗಳಿಗೆ ಅಂಕ ಕೊಟ್ಟರೆ ಓದುವ ಅಭ್ಯಾಸ ತಾನಾಗಿ ತಿರುಗುತ್ತದೆ. ಬೆಂಗಳೂರಿನ ಸಂಶೋಧನಾ ಸಂಸ್ಥೆಗಳೊಂದಿಗೆ ವಿಶ್ವವಿದ್ಯಾಲಯಗಳು ಒಪ್ಪಂದ ಮಾಡಿಕೊಂಡು, ಎರಡನೇ ವರ್ಷದ ಬೇಸಿಗೆಯಲ್ಲಿ ಜಿಲ್ಲಾ ಕಾಲೇಜುಗಳ ಮಕ್ಕಳಿಗೆ ಕೆಲವು ಸ್ಥಾನಗಳನ್ನು ಮೀಸಲಿಡಿಸಬಹುದು. ಇವುಗಳಲ್ಲಿ ಯಾವುದಕ್ಕೂ ಹೊಸ ಕಟ್ಟಡ ಬೇಡ, ಹೊಸ ಕಾನೂನು ಬೇಡ. ಮುಂದಿನ ಶೈಕ್ಷಣಿಕ ವರ್ಷದ ಮೊದಲ ವಾರದಲ್ಲೇ ಶುರುಮಾಡಬಹುದಾದ ಕೆಲಸವನ್ನು ಮುಂದೂಡಿದಷ್ಟೂ, ಭೌತಶಾಸ್ತ್ರಜ್ಞರಾಗಬಹುದಾಗಿದ್ದ ಇನ್ನೊಂದು ತಂಡದ ವಿದ್ಯಾರ್ಥಿಗಳನ್ನು ನಾವು ಕೇವಲ ಹೇಳದೇ ಇದ್ದ ಕಾರಣಕ್ಕೆ ಕಳೆದುಕೊಳ್ಳುತ್ತೇವೆ.