ಬಿಸಿಲೂ ಮಾರಾಟದ ಸರಕಾಯಿತೆ?

ಮಕ್ಕಳಾಗದ ಮನೆಯ ನೋವು ಅನುಭವಿಸಿದವರಿಗೇ ಗೊತ್ತು. ಮದುವೆಯಾಗಿ ಎರಡು ವರ್ಷ ಕಳೆಯುವುದೇ ತಡ, ನೆಂಟರಿಷ್ಟರ ಪ್ರಶ್ನೆಗಳೆಲ್ಲ ಸೊಸೆಯ ಮೇಲೆಯೇ ಎರಗುತ್ತವೆ. ಹರಕೆ, ತಾಯಿತ, ನಾಟಿಮದ್ದುಗಳ ಸಾಲಿಗೆ ಈಗ ಇನ್ನೊಂದು ಸೇರಿದೆ. ‘‘ನಿನ್ನ ಮೈಯಲ್ಲಿ ಡಿ ಜೀವಸತ್ತ್ವ ಕಡಮೆ, ಅದಕ್ಕೇ ಗರ್ಭ ನಿಲ್ಲುತ್ತಿಲ್ಲ’’ ಎಂಬ ಮಾತು. ರಕ್ತಪರೀಕ್ಷೆ, ಪುಡಿಯ ಪೊಟ್ಟಣ, ಇಂಜೆಕ್ಷನ್ ಎಂದು ಬೆವರಿನ ಹಣ ಕರಗಿಹೋಗುತ್ತದೆ. ಇದರಲ್ಲಿ ನಿಜವೆಷ್ಟು, ವ್ಯಾಪಾರವೆಷ್ಟು ಎಂಬುದನ್ನು ದುಡಿಯುವ ಜನ ತಿಳಿಯಬೇಡವೆ?

ಡಿ ಜೀವಸತ್ತ್ವ ಮುಖ್ಯವಾಗಿ ಬಿಸಿಲಿನ ವರ. ಸೂರ್ಯಕಿರಣ ಬರಿಯ ಚರ್ಮದ ಮೇಲೆ ಬಿದ್ದಾಗ ಮೈ ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಗಾಜಿನ ಕಿಟಕಿಯ ಹಿಂದೆ ಕುಳಿತರೆ ಇದು ಆಗದು. ಮೂಳೆಗೆ ಸುಣ್ಣ ಸೇರಬೇಕಾದರೆ ಈ ಜೀವಸತ್ತ್ವ ಬೇಕು. ಅಂಡಾಶಯ, ಗರ್ಭಕೋಶ, ವೃಷಣಗಳೂ ಇದಕ್ಕೆ ಸ್ಪಂದಿಸುತ್ತವೆಂದು ವೈದ್ಯಶಾಸ್ತ್ರ ಕಂಡುಕೊಂಡಿದೆ. ಇಷ್ಟು ನಿಜ.

ಡಿ ಜೀವಸತ್ತ್ವ ಸಾಕಷ್ಟಿರುವ ಸ್ತ್ರೀಯರಲ್ಲಿ ಗರ್ಭಧಾರಣೆಯ ಚಿಕಿತ್ಸೆ ಹೆಚ್ಚು ಫಲಿಸುತ್ತದೆಂದು ಹಲವು ಸಮೀಕ್ಷೆಗಳು ಹೇಳಿದ್ದುಂಟು. ಆದರೆ ಜನ ಕೊಡೆ ಹಿಡಿದ ದಿನ ಮಳೆ ಬರುತ್ತದೆಂದು, ಕೊಡೆಯಿಂದಲೇ ಮಳೆ ಬಂತೆನ್ನಲಾದೀತೆ? ಚೆನ್ನಾಗಿ ಉಂಡು, ಬಯಲಲ್ಲಿ ಓಡಾಡುವವರ ಆರೋಗ್ಯವೇ ಬೇರೆ. ಇಟಲಿಯಲ್ಲಿ ಡಿ ಜೀವಸತ್ತ್ವ ಕಡಮೆಯಿದ್ದ 630 ಮಹಿಳೆಯರನ್ನು ಎರಡು ಪಂಗಡ ಮಾಡಿ, ಪ್ರನಾಳ ಶಿಶು ಚಿಕಿತ್ಸೆಗೆ ಮೊದಲು ಒಂದು ಪಂಗಡಕ್ಕೆ 6 ಲಕ್ಷ ಯೂನಿಟ್ ಕೊಟ್ಟು ನೋಡಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮದ್ದು ಪಡೆದವರು ಹೆಚ್ಚಾಗಿ ಗರ್ಭ ಧರಿಸಲಿಲ್ಲ. ಡೆನ್ಮಾರ್ಕಿನಲ್ಲಿ 330 ಗಂಡಸರ ಮೇಲೆ ನಡೆದ ಪರೀಕ್ಷೆಯಲ್ಲಿಯೂ ವೀರ್ಯದ ಗುಣ ಸುಧಾರಿಸಲಿಲ್ಲ. ಪುಡಿ ತಿಂದರೆ ಮಗು ಖಂಡಿತ ಎಂದು ಆಸೆ ಹುಟ್ಟಿಸುವುದು ವೈದ್ಯವಲ್ಲ, ವ್ಯಾಪಾರ. ಮಿತಿಮೀರಿ ನುಂಗಿದರೆ ರಕ್ತದಲ್ಲಿ ಸುಣ್ಣದಂಶ ಏರಿ ಮೂತ್ರಪಿಂಡಕ್ಕೆ ಕೇಡಾಗುತ್ತದೆ ಎಂಬುದನ್ನೂ ಮರೆಯಬಾರದು.

ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತದೆ. ವಿಪರೀತ ಕಾವಿನ ನಡುವೆ ದುಡಿಯುವುದು, ತಂಬಾಕಿನ ಚಟ, ಎರಡೂ ವೀರ್ಯಕ್ಕೆ ಹಾನಿ ಮಾಡುತ್ತವೆ. ಹೆಂಗಸರಲ್ಲಿ ಗರ್ಭನಾಳಕ್ಕೆ ತಗುಲುವ ಕ್ಷಯ ನಮ್ಮ ದೇಶದಲ್ಲಿ ಬಂಜೆತನಕ್ಕೆ ಒಂದು ಮುಖ್ಯ ಕಾರಣ. ಕ್ಷಯದ ಮದ್ದು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಆದುದರಿಂದ ಸೊಸೆಯನ್ನು ಹಂಗಿಸುವುದು ಬಿಟ್ಟು, ಗಂಡಹೆಂಡಿರಿಬ್ಬರೂ ಮೊದಲು ಅಲ್ಲಿ ಪರೀಕ್ಷೆ ಮಾಡಿಸಿಕೊಳ್ಳಲಿ.

ಹಾಗಾದರೆ ಈ ಜೀವಸತ್ತ್ವದ ಕೊರತೆ ಅಲಕ್ಷ್ಯ ಮಾಡುವಂಥದೆ? ಖಂಡಿತ ಅಲ್ಲ. ಹೊಗೆ ಕವಿದ ಬ್ರಿಟನ್ನಿನ ಕೈಗಾರಿಕಾ ಊರುಗಳಲ್ಲಿ ಬಿಸಿಲು ಕಾಣದೆ ಬೆಳೆದ ಬಡ ಹುಡುಗಿಯರಿಗೆ ಎಲುಬು ಸೊಟ್ಟಾಗುವ ರಿಕೆಟ್ಸ್ ರೋಗ ತಗುಲಿತು. ಸೊಂಟದ ಮೂಳೆ ಕುಗ್ಗಿ, ಹೆರಿಗೆಯೇ ಅವರಿಗೆ ಮೃತ್ಯುದ್ವಾರವಾಯಿತು. 1888ರಲ್ಲಿ ಗ್ಲಾಸ್ಗೋ ನಗರದಲ್ಲಿ ಡಾ. ಮರ್ಡಾಕ್ ಕ್ಯಾಮೆರಾನ್ ಅಂಥ ಒಬ್ಬ ತಾಯಿಯ ಹೊಟ್ಟೆ ಕೊಯ್ದು ತಾಯಿಮಗು ಇಬ್ಬರನ್ನೂ ಉಳಿಸಿದ್ದು ಪ್ರಸಿದ್ಧ. ಕಾಶ್ಮೀರದಲ್ಲಿ ಸೇವೆ ಮಾಡಿದ ಡಾ. ಕ್ಯಾಥ್ಲೀನ್ ವಾನ್, ಪರದೆಯ ಕತ್ತಲೆ ತಾಯ್ತನಕ್ಕೆ ಎಂಥ ಶತ್ರುವೆಂಬುದನ್ನು ಕುರಿತು 1928ರಲ್ಲಿ ಪುಸ್ತಕವನ್ನೇ ಬರೆದರು. ಇವರು ಕಂಡ ಕೇಡಿನ ಬೇರು ತಾಯಂದಿರ ದೇಹದಲ್ಲಿರಲಿಲ್ಲ, ಅವರು ಬದುಕಿದ ಕತ್ತಲೆಯಲ್ಲಿತ್ತು.

ಇಂದಿನ ಸ್ಥಿತಿಯಾದರೂ ಏನು? ನಮ್ಮ ನಾಡಿನಲ್ಲಿ ಬಿಸಿಲಿಗೆ ಬರವಿಲ್ಲ. ಚರ್ಮದಲ್ಲಿ ಈ ಜೀವಸತ್ತ್ವ ಚೆನ್ನಾಗಿ ತಯಾರಾಗುವುದು ಸುಮಾರು ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರವರೆಗೆ. ಆ ಹೊತ್ತಿಗೆ ಗಿರಣಿಯ ಹೆಣ್ಣಾಳು ಯಂತ್ರದ ಮುಂದೆ. ಸಣ್ಣ ವ್ಯಾಪಾರಿ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ. ಅವನ ಹೆಂಡತಿ ವಠಾರದ ಕತ್ತಲ ಅಡಿಗೆಮನೆಯಲ್ಲಿ. ಕೆಲಸದ ಹೊತ್ತು ಮೊದಲು ಬಿಸಿಲನ್ನು ಕಸಿದುಕೊಳ್ಳುತ್ತದೆ. ಆಮೇಲೆ ಅದೇ ಬಿಸಿಲಿನ ಸತ್ತ್ವವನ್ನು ಪೊಟ್ಟಣ ಕಟ್ಟಿ ನಮಗೇ ಮಾರಲಾಗುತ್ತದೆ!

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟ. ಗಿರಣಿಗಳಲ್ಲಿ ಮಧ್ಯಾಹ್ನದ ಬಿಡುವು ಹೆಸರಿಗಷ್ಟೇ ಇರಬಾರದು. ತೆರೆದ ಅಂಗಳವೂ, ಕೈಕಾಲಿಗೆ ಸ್ವಲ್ಪ ಹೊತ್ತು ಬಿಸಿಲು ಸೋಕಿಸುವಷ್ಟು ವೇಳೆಯೂ ಇರಬೇಕು. ಎ ಮತ್ತು ಡಿ ಜೀವಸತ್ತ್ವ ಬೆರೆಸಿದ ಎಣ್ಣೆ, ಹಾಲು ನ್ಯಾಯವಾದ ಬೆಲೆಗೆ ಬಡವರ ಮನೆ ತಲುಪಬೇಕು. ವೈದ್ಯರು ಅಗತ್ಯವೆಂದಾಗ ರಕ್ತಪರೀಕ್ಷೆಯೂ ಮದ್ದೂ ತಾಲ್ಲೂಕು ಆಸ್ಪತ್ರೆಯಲ್ಲಿಯೇ ಉಚಿತವಾಗಿ ದೊರೆಯಬೇಕು. ಮಗುವಿನ ಆಸೆಯನ್ನು ಬಂಡವಾಳ ಮಾಡಿಕೊಂಡವರ ಮೇಲೆ ಸರ್ಕಾರ ಕ್ರಮ ಕೈಗೊಳ್ಳಬೇಕು.

ಕೂಲಿಗಾಗಿ, ಬೋನಸ್ಸಿಗಾಗಿ ಸಂಘ ಕಟ್ಟಿದ ಕೈಗಳಿವು. ಆರೋಗ್ಯವೂ ಕೂಲಿಯಷ್ಟೇ ನಮ್ಮ ಹಕ್ಕು. ಮುಂದಿನ ಬೇಡಿಕೆ ಪಟ್ಟಿಯಲ್ಲಿ ಅರ್ಧ ಗಂಟೆಯ ಬಿಸಿಲೂ ಸೇರಲಿ!