ಹಳೆಯ ಮನೆಯ ದುರಸ್ತಿಯೋ, ಹೊಸ ಅಡಿಪಾಯವೋ?



ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11ಕ್ಕೆ ಸಾಗಲು ಎರಡು ದಾರಿಗಳುಂಟು. ಇದ್ದುದರ ಮೇಲೆಯೇ ಉನ್ನತೀಕರಿಸಿದರೆ ಕಡತ, ತಂತ್ರಾಂಶಗಳು ಸಾಮಾನ್ಯವಾಗಿ ಉಳಿಯುತ್ತವೆ. ಹಳೆಯ ದೋಷಗಳೂ ಉಳಿಯಬಹುದು. ಡಿಸ್ಕನ್ನು ಅಳಿಸಿ ಪೂರ್ಣವಾಗಿ ಹೊಸದನ್ನು ಸ್ಥಾಪಿಸಿದರೆ ಯಂತ್ರವು ಶುಭ್ರವಾಗುತ್ತದೆ, ಅದರಲ್ಲಿದ್ದುದೆಲ್ಲವೂ ಅಳಿಯುತ್ತದೆ.

ನಾವು ಹಿಂದೊಮ್ಮೆ ಪ್ರತಿ ತೆಗೆಯದೆ ಎರಡನೆಯ ದಾರಿ ಹಿಡಿದು, ಮೂರು ವರ್ಷ ಬೆರಳಚ್ಚಿಸಿದ್ದ ವಚನ ಟಿಪ್ಪಣಿಗಳನ್ನು ಕಳೆದುಕೊಂಡೆವು. ಓಲೆಗರಿಗಳನ್ನು ಅರಸಿ ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದ ಫ.ಗು. ಹಳಕಟ್ಟಿಯವರನ್ನು ನೆನೆದು ನಾಚಿದೆವು.

ಆದ್ದರಿಂದ ಮೊದಲು ಬೇರೊಂದು ಡಿಸ್ಕಿಗೆ ಪ್ರತಿ ಮಾಡಿಕೊಳ್ಳಿರಿ. ಹಳೆಯ ಕನ್ನಡ ಫಾಂಟುಗಳನ್ನೂ ಮರೆಯದಿರಿ. ಅವಿಲ್ಲದೆ ಅಂದಿನ ಕಡತಗಳು ಓದಲು ಬಾರವು. ಯಂತ್ರವು ಚೆನ್ನಾಗಿ ನಡೆಯುತ್ತಿದ್ದರೆ ಉನ್ನತೀಕರಣ ಸಾಕು. ಪದೇ ಪದೇ ಕೆಡುತ್ತಿದ್ದರೆ ಹೊಸ ಸ್ಥಾಪನೆಯೇ ಲೇಸು.